ಓದಿನ ಹುಚ್ಚು ಹಿಡಿಸಿದ್ದು ಪುಸ್ತಕವೋ, ಪುಸ್ತಕ ಕೊಟ್ಟವರೋ?

ಹಳೇಹಾಳೆ

ಎಲ್ಲರಿಗೂ ನಮಸ್ಕಾರ. ಕೆಲಸದಿಂದ ನಿವೃತ್ತಿಯಾಗಿದೆ, ಕೈಯಲ್ಲಿ ಸಮಯ ಇದೆ. ಚಿಕ್ಕಂದಿನಿಂದ ಓದಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ ಅಂತ ಕೂತೆ. ಮೊದಲು ಪುಸ್ತಕಗಳ ಹೆಸರು ಬರೆದೆ. ಪಟ್ಟಿ ಉದ್ದವಾಯಿತು, ಆದರೆ ನೋಡಿದರೆ ದಿನಸಿ ಚೀಟಿಯ ಹಾಗಿತ್ತು. ಆಮೇಲೆ ಪ್ರತಿ ಹೆಸರಿನ ಮುಂದೆ 'ಇದು ನನ್ನ ಕೈಗೆ ಬಂದಿದ್ದು ಎಲ್ಲಿಂದ' ಅಂತ ಬರೆಯತೊಡಗಿದೆ. ಆಗ ಪೆನ್ನು ನಿಲ್ಲಲೇ ಇಲ್ಲ.

ನನಗೆ ಕಂಡಿದ್ದು ಇಷ್ಟು. ನಮ್ಮ ವಯಸ್ಸಿನವರಲ್ಲಿ ಪುಸ್ತಕ ಕೊಂಡು ಓದಿ ಬೆಳೆದವರು ತೀರಾ ಕಡಿಮೆ. ಬಾಡಿಗೆ, ಎರವಲು, ಇಲ್ಲದಿದ್ದರೆ ಪಕ್ಕದ ಮನೆಗೆ ಬರುತ್ತಿದ್ದ ವಾರಪತ್ರಿಕೆ. ಸಂಬಳ ಬರತೊಡಗಿದ ಮೇಲೆ ಕೊಂಡದ್ದು ಬೇಕಾದಷ್ಟಿದೆ. ಅದರಲ್ಲಿ ಅರ್ಧ ಇನ್ನೂ ಓದಿಲ್ಲ.

ಅರಸೀಕೆರೆಯಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. 'ಸರ್ಕ್ಯುಲೇಟಿಂಗ್ ಲೈಬ್ರರಿ' ಅಂತ ಬೋರ್ಡು. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು. ಹೊಸ ಕಾದಂಬರಿ ಬಂದ ಕೂಡಲೇ ಅಂಗಡಿಯವರು ಅದಕ್ಕೆ ದಪ್ಪ ರಟ್ಟು ಹಾಕಿ, ಬೆನ್ನಿನ ಪಕ್ಕದಲ್ಲಿ ಮೊಳೆಯಿಂದ ತೂತು ಹೊಡೆದು, ದಾರದಲ್ಲಿ ಬಿಗಿಯಾಗಿ ಹೊಲಿಯುತ್ತಿದ್ದರು. ಎಷ್ಟು ಬಿಗಿ ಅಂದರೆ ಬಲಗಡೆ ಪುಟದಲ್ಲಿ ಸಾಲಿನ ಮೊದಲ ಅಕ್ಷರ, ಎಡಗಡೆ ಪುಟದಲ್ಲಿ ಕೊನೆಯ ಅಕ್ಷರ ಹೊಲಿಗೆಯೊಳಗೆ ಹೋಗಿಬಿಡುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಓದಬೇಕು. ಬಾಡಿಗೆ ದಿನದ ಲೆಕ್ಕ. ಹಾಗಾಗಿ ಮಧ್ಯಾಹ್ನ ಅಕ್ಕ, ಶಾಲೆ ಬಿಟ್ಟ ಮೇಲೆ ನಾನು, ರಾತ್ರಿ ಊಟ ಆದ ಮೇಲೆ ಅಪ್ಪ. ಬೆಳಿಗ್ಗೆ ಪುಸ್ತಕ ವಾಪಸ್ ಹೋಗಬೇಕು. ಮೂವರೂ ಓದಿದ್ದರಿಂದ ಮರುದಿನ ಅಡುಗೆಮನೆಯಲ್ಲಿ ಅದರದ್ದೇ ಜಗಳ.

ನಿಮ್ಮ ಕೈಗೆ ಪುಸ್ತಕ ಕೊಟ್ಟವರು ಯಾರು? ಪುಸ್ತಕದ ಹೆಸರು ಹೇಳದಿದ್ದರೂ ಪರವಾಗಿಲ್ಲ, ದಾರಿ ಹೇಳಿ.

ಆಗುಂಬೆಮಳೆ

ನಮ್ಮ ಮನೆಯಲ್ಲಿ ಅಮ್ಮ. ಸುಧಾ, ತರಂಗದಲ್ಲಿ ಧಾರಾವಾಹಿ ಬರುತ್ತಿತ್ತಲ್ಲ, ಅದನ್ನು ವಾರವಾರ ಕತ್ತರಿಸಿ ಇಡುತ್ತಿದ್ದರು. ಕಥೆ ಮುಗಿದ ಮೇಲೆ ಹಾಳೆಗಳನ್ನು ಜೋಡಿಸಿ, ದಬ್ಬಳದಲ್ಲಿ ತೂತು ಮಾಡಿ, ಹೊಲಿದು, ಮೇಲೆ ಹಳೇ ಕ್ಯಾಲೆಂಡರಿನ ಹೊದಿಕೆ. ಮೈದಾ ಕುದಿಸಿ ಅಂಟು ಮಾಡುವಾಗ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಹುಳ ಅಂಟನ್ನೆಲ್ಲ ತಿಂದು ಪುಸ್ತಕ ಬಿಡಿಬಿಡಿಯಾಗುತ್ತದೆ. ಆ ಅಂಟಿನ ಪಾತ್ರೆ ನಾವು ಮಕ್ಕಳು ಮುಟ್ಟುವ ಹಾಗಿರಲಿಲ್ಲ, ಅದು ವಿಷ.

ಆ ಪುಸ್ತಕಗಳ ಮಜಾ ಬೇರೆಯೇ. ನಾಯಕಿ ಮನೆ ಬಿಟ್ಟು ಹೊರಡುತ್ತಾಳೆ, ಪುಟ ತಿರುಗಿಸಿದರೆ ಅರ್ಧ ಹಾಳೆಯಲ್ಲಿ ಮಾವಿನಕಾಯಿ ಗೊಜ್ಜು ಮಾಡುವ ವಿಧಾನ! ಪಕ್ಕದಲ್ಲಿ ನಗೆಹನಿ. ಕಥೆ ಎಷ್ಟು ಸಲ ಓದಿದ್ದೇನೋ ಆ ಗೊಜ್ಜನ್ನೂ ಅಷ್ಟೇ ಸಲ ಓದಿದ್ದೇನೆ. ಯಾವತ್ತೂ ಮಾಡಿಲ್ಲ ಬಿಡಿ.

ಒಂದೇ ಕೊರತೆ. ಬಸ್ಸು ನಿಂತುಹೋದ ವಾರ ಪತ್ರಿಕೆ ಬರುತ್ತಿರಲಿಲ್ಲ. ಆ ಕಂತು ಇಲ್ಲ. ಅಮ್ಮ ಅಲ್ಲಿ ಒಂದು ಖಾಲಿ ಹಾಳೆ ಸೇರಿಸಿ, ಆಚೆಮನೆ ಅಕ್ಕ ಬಾಯಲ್ಲಿ ಹೇಳಿದ ಕಥೆಯನ್ನು ಪೆನ್ಸಿಲ್‌ನಲ್ಲಿ ನಾಲ್ಕೈದು ಸಾಲು ಬರೆದು ಹೊಲಿದುಬಿಡುತ್ತಿದ್ದರು.

ಸಪ್ತಾಪುರದವ

ಹಳೇಹಾಳೆಯವರ ಮಾತು ಅರ್ಧ ಒಪ್ಪುತ್ತೇನೆ ರೀ. ಕೊಂಡು ಓದುವವರು ಇರಲೇ ಇಲ್ಲ ಅಂದರೆ ನಮ್ಮ ಕಡೆಯವರು ಸುಮ್ಮನೆ ಬಿಡೋದಿಲ್ಲ.

ಕಾದಂಬರಿಕಾರ ಗಳಗನಾಥರನ್ನು ನೆನೆಸಿಕೊಳ್ಳಿ. 1869ರಲ್ಲಿ ಹುಟ್ಟಿದವರು, ವೃತ್ತಿಯಿಂದ ಸಾಲಿ ಮಾಸ್ತರು. ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ, ಮನೆ ಬಾಗಿಲಿಗೆ ಹೋಗಿ ಮಾರಿದರು. ಆ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಕಾದಂಬರಿ ಅಂದರೆ ಮರಾಠಿಯದ್ದೇ. ಕನ್ನಡದಲ್ಲಿ ಓದೋದಕ್ಕೆ ಏನಿದೆ ಅಂತ ಕೇಳುವ ಕಾಲ. ಅಂಥ ಹೊತ್ತಿನಲ್ಲಿ ಇವರ ಕೈಯಿಂದ ದುಡ್ಡು ಕೊಟ್ಟು ಪುಸ್ತಕ ತಗೊಂಡವರು ಇದ್ದರಲ್ಲ? ಅವರು ಇಲ್ಲದಿದ್ದರೆ ಆ ಗಂಟು ಖಾಲಿ ಆಗುತ್ತಿರಲಿಲ್ಲ.

ಆಮೇಲೆ 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ. ಜಿ.ಬಿ. ಜೋಶಿಯವರು ಅದನ್ನು ನಡೆಸಿದ್ದು ಚಂದಾದಾರರ ಬಲದ ಮೇಲೆ. ಅಂದರೆ ಪುಸ್ತಕ ನೋಡುವ ಮೊದಲೇ ದುಡ್ಡು ಕಟ್ಟುವ ಓದುಗರು. ಯಾರ ಪುಸ್ತಕ ಬರುತ್ತದೆ, ಹೇಗಿರುತ್ತದೆ ಅನ್ನುವುದು ಜೋಶಿಯವರಿಗೇ ಬಿಟ್ಟಿದ್ದು. ನಮ್ಮ ಕಾಕಾ ಹಾಗೆ ಚಂದಾದಾರರಾಗಿದ್ದರು. ಪಾರ್ಸೆಲ್ ಬಂದ ದಿನ ಮನೆಯಲ್ಲಿ ಯಾರೂ ಅವರ ಹತ್ತಿರ ಮಾತಾಡುವ ಹಾಗಿರಲಿಲ್ಲ. ಸುಭಾಸ ರಸ್ತೆಯಲ್ಲಿರುವ ಗ್ರಂಥಮಾಲೆಯ 'ಅಟ್ಟ'ಕ್ಕೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಆ ಕಡಿದಾದ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಇನ್ನು ಹುಬ್ಬಳ್ಳಿಯ ಕಸ್ತೂರಿ ಮಾಸಪತ್ರಿಕೆ, 1956ರಿಂದ. ಕೊನೆಯಲ್ಲಿ ಒಂದು ಪುಸ್ತಕದ ಸಂಗ್ರಹ ಇರುತ್ತಿತ್ತು. ಮೂಲ ಪುಸ್ತಕ ಎಂದೂ ಕಣ್ಣಿಗೆ ಬೀಳದ ಊರಿನಲ್ಲಿ ಅದೇ ಪುಸ್ತಕ. ಪಾವೆಂ ಆಚಾರ್ಯರ ಅಂಕಣಕ್ಕೋಸ್ಕರ ಕಸ್ತೂರಿ ತರಿಸುವವರೂ ಇದ್ದರು. ನಮ್ಮ ಕಾಕಾ ಮೊದಲು ತೆಗೆಯುತ್ತಿದ್ದದ್ದೇ ಆ ಪುಟ.

ಪೆನ್ಸಿಲ್‌ಗೆರೆ

ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು. ಬಾಡಿಗೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಏನು? ಪತ್ತೇದಾರಿ, ಪ್ರೇಮಕಥೆ, ಮಾಟ-ಮಂತ್ರ. ಅದನ್ನೆಲ್ಲ 'ಓದು' ಅಂತ ಕರೆದು ಕಣ್ಣೀರು ಹಾಕುವುದು ಜಾಸ್ತಿ ಆಯಿತು ಅನ್ನಿಸುತ್ತದೆ. ಹೊತ್ತು ಹೋಗಲು ಓದಿದ್ದು, ಅಷ್ಟೇ. ಗಟ್ಟಿ ಓದು ಬೇರೆ.

ಚಿಮಣಿದೀಪ

ಪೆನ್ಸಿಲ್‌ಗೆರೆ ಸರ್, ನಾನು ಆ ಪತ್ತೇದಾರಿಯಿಂದಲೇ ಬಂದವನು. ಹಾಗಾಗಿ ಸುಮ್ನೆ ಇರಲು ಆಗುತ್ತಿಲ್ಲ.

ಎನ್. ನರಸಿಂಹಯ್ಯ ಅವರ ಹೆಸರು ನಿಮಗೆ ಗೊತ್ತಿರುತ್ತದೆ. ನಾಲ್ಕನೇ ತರಗತಿವರೆಗೆ ಓದಿದ ಮನುಷ್ಯ. ಬರೆದ ಪತ್ತೇದಾರಿ ಕಾದಂಬರಿಗಳು 500ಕ್ಕೂ ಜಾಸ್ತಿ. ಅವರ ಪತ್ತೇದಾರ ಪುರುಷೋತ್ತಮ ಅಂದರೆ ನಮಗೆ ಪಕ್ಕದ ಊರಿನವನಷ್ಟು ಪರಿಚಯ. ನಮ್ಮ ಅಪ್ಪನಿಗೆ ಶಾಲೆಯ ಓದು ತಲೆಗೆ ಹತ್ತಿರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದರು. ಕೊಲೆ ಮಾಡಿದವನು ಯಾರು ಅಂತ ತಿಳಿಯಲೇಬೇಕು ಅನ್ನುವ ಹಟಕ್ಕೆ ಅವರ ಓದು ಸಲೀಸಾಯಿತು. ಆಮೇಲೆ ಪಹಣಿ, ನೋಟೀಸು, ಬ್ಯಾಂಕಿನ ಕಾಗದ, ಯಾವುದಕ್ಕೂ ಇನ್ನೊಬ್ಬರ ಬಾಗಿಲಿಗೆ ಹೋಗಲಿಲ್ಲ. ಇದು ಗಟ್ಟಿ ಓದು ಅಲ್ವಾ?

ಎಂ.ಕೆ. ಇಂದಿರಾ ಅವರನ್ನೂ ನೋಡಿ. ಶಾಲೆ ಕಲಿತದ್ದು ಸ್ವಲ್ಪವೇ. ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ, ನಲವತ್ತು ದಾಟಿದ ಮೇಲೆ. 'ಮನೆ ಹೆಂಗಸರು ಓದುವ ಕಾದಂಬರಿ' ಅಂತ ಮೂಗು ಮುರಿಯುವವರು ಆಗಲೂ ಇದ್ದರು.

ಬಾಡಿಗೆ ಪುಸ್ತಕದ ಒಂದು ಕಾಟ ಮಾತ್ರ ಮರೆಯಲಾರೆ. ಯಾರೋ ಪುಣ್ಯಾತ್ಮ ಮೊದಲ ಪುಟದಲ್ಲೇ 'ಕೊಲೆಗಾರ ಡ್ರೈವರ್' ಅಂತ ಬರೆದಿರುತ್ತಿದ್ದ. ಅದರ ಕೆಳಗೆ ಇನ್ನೊಬ್ಬ, 'ಸುಳ್ಳು, ಡಾಕ್ಟರ್' ಅಂತ. ಪುಸ್ತಕ ಮುಗಿಸಿದರೆ ಇಬ್ಬರೂ ಅಲ್ಲ!

ಪೆನ್ಸಿಲ್‌ಗೆರೆ

ಚಿಮಣಿದೀಪ, ನಿಮ್ಮ ತಂದೆಯವರ ವಿಷಯ ಓದಿ ಖುಷಿಯಾಯಿತು. ಆದರೂ ನನ್ನ ಮಾತು ಬಿಡುವುದಿಲ್ಲ. ಅಲ್ಲಿಂದ ಮುಂದೆ ಹೋದವರು ಎಷ್ಟು ಜನ? ಬಹಳಷ್ಟು ಮಂದಿ ಟಿವಿ ಬಂದ ಮೇಲೆ ಅದೇ ರುಚಿಯನ್ನು ಧಾರಾವಾಹಿಯಲ್ಲಿ ಕಂಡುಕೊಂಡರು. ಅಂಗಡಿಗಳು ಮುಚ್ಚಿದವು. ಓದಿನ ಹುಚ್ಚು ಅಷ್ಟು ಗಟ್ಟಿ ಇದ್ದಿದ್ದರೆ ಮುಚ್ಚುತ್ತಿರಲಿಲ್ಲ.

ಹಳೇಹಾಳೆ

ಅಂಗಡಿ ಮುಚ್ಚಿದ್ದು ನಿಜ. ನಮ್ಮ ಅಂಗಡಿಯವರು ಕೊನೆಗೆ ಆ ಜಾಗದಲ್ಲಿ ಟೆಲಿಫೋನ್ ಬೂತ್ ಇಟ್ಟರು. ಆದರೆ ನಮ್ಮ ಅಕ್ಕ ಇವತ್ತಿಗೂ ಓದುತ್ತಾಳೆ. ತ್ರಿವೇಣಿಯಿಂದ ಶುರುವಾದವಳು, ಈಗ ಭೈರಪ್ಪನವರ ದಪ್ಪ ಪುಸ್ತಕವನ್ನು ದಿಂಬಿನ ಮೇಲಿಟ್ಟುಕೊಂಡು ಓದುತ್ತಾಳೆ. ಮುಂದೆ ಹೋದವರು ಇದ್ದಾರೆ ಸರ್, ಎಣಿಸಿದವರಿಲ್ಲ.

ಷಟ್ಪದಿ

ಎಲ್ಲರೂ ಕಣ್ಣಿನ ಓದಿನ ಬಗ್ಗೆಯೇ ಹೇಳುತ್ತಿದ್ದೀರಿ. ನನಗೆ ಓದು ಹತ್ತಿದ್ದು ಕಿವಿಯಿಂದ. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ ಇವೆಯಲ್ಲ, ಅಲ್ಲಿ ಗಮಕ ಬಹಳ ಹಳೆಯದು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿದ್ದು ಗಮಕಕ್ಕೇ. ಒಬ್ಬರು ಗದುಗಿನ ಭಾರತದ ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಪದ್ಯ ಓದುವವರು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮಾತು ಒಡೆಯಬೇಕು ಅನ್ನುವುದರಲ್ಲೇ ಅರ್ಧ ಅರ್ಥ ಸಿಕ್ಕಿಬಿಡುತ್ತದೆ.

ನಮ್ಮ ಅಜ್ಜಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಉತ್ತರಕುಮಾರ ರಣರಂಗದಿಂದ ಓಡಿಹೋಗುವ ಭಾಗ ಬಂದರೆ ಗಮಕಿಗಿಂತ ಒಂದು ಸಾಲು ಮುಂದೆ ಇರುತ್ತಿದ್ದಳು. ಪುಸ್ತಕ ಕೈಗೆ ಬರುವ ಮೊದಲೇ ನನಗೆ ಆ ಪದ್ಯಗಳ ಛಂದಸ್ಸು, ಭಾಮಿನಿ ಷಟ್ಪದಿಯ ನಡೆ ಕಿವಿಯಲ್ಲಿತ್ತು. ಆಮೇಲೆ ಕಾಲೇಜಿನಲ್ಲಿ ಹಳಗನ್ನಡ, ನಡುಗನ್ನಡ ಅಂದರೆ ಹೆದರುವ ಗೆಳೆಯರನ್ನು ನೋಡಿ ಆಶ್ಚರ್ಯವಾಗುತ್ತಿತ್ತು. ಉತ್ತರ ಕರ್ನಾಟಕದವರಿಗೆ ಶ್ರಾವಣದಲ್ಲಿ ಮಠದಲ್ಲಿ ನಡೆಯುವ ಪುರಾಣ ಇದೇ ಕೆಲಸ ಮಾಡಿದೆ, ಸಪ್ತಾಪುರದವರು ಹೇಳಬೇಕು.

ಸಪ್ತಾಪುರದವ

ಮಾಡಿದೆ ರೀ, ಮಾಡಿದೆ. ಪುರಾಣಕ್ಕೆ ಹೋಗಿದ್ದು ಮುಗಿದ ಮೇಲೆ ಕೊಡುವ ಪ್ರಸಾದಕ್ಕೆ. ಕಥೆ ಹೇಗೋ ತಲೆಯೊಳಗೆ ಉಳಿದುಬಿಟ್ಟಿತು.

ಅರಿವುಕೇಂದ್ರ

ನಾನು ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಇಲ್ಲಿ ಎಲ್ಲರೂ ಹಳೆಯ ಕಾಲ ನೆನೆಸಿಕೊಳ್ಳುತ್ತಿದ್ದೀರಿ, ಇವತ್ತಿನದ್ದು ನಾನು ಹೇಳುತ್ತೇನೆ.

ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಿದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. ನಿಮ್ಮ ತೆರಿಗೆ ರಸೀದಿ ತೆಗೆದು ನೋಡಿ. ಅಂದರೆ ಗ್ರಂಥಾಲಯದ ಕಡೆ ತಲೆ ಹಾಕದವರೂ ಅದಕ್ಕೆ ದುಡ್ಡು ಕೊಡುತ್ತಿದ್ದಾರೆ. ಹಾಗಿದ್ದ ಮೇಲೆ ಹೋಗಿ ಪುಸ್ತಕ ಕೇಳಲು ಸಂಕೋಚ ಯಾಕೆ?

ಹಳ್ಳಿ ಗ್ರಂಥಾಲಯ ಅಂದರೆ ಮೊದಲು ಏನಿತ್ತು? ಬೆಳಿಗ್ಗೆ ಪೇಪರ್ ಓದಲು ಬರುವ ನಾಲ್ಕು ಹಿರಿಯರು, ಬೀಗ ಹಾಕಿದ ಬೀರು. ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುತ್ತಾರೆ ಅನ್ನುವ ಭಯಕ್ಕೆ ಯಾರಿಗೂ ಕೊಡುತ್ತಿರಲಿಲ್ಲ. ನನ್ನ ಮೊದಲಿದ್ದವರು ಬೀರುವಿನ ಬೀಗದ ಕೈಯನ್ನು ಮನೆಯಲ್ಲೇ ಇಟ್ಟು ಬರುತ್ತಿದ್ದರಂತೆ! ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, 2020ರ ನವೆಂಬರ್‌ನಲ್ಲಿ ಮಕ್ಕಳನ್ನು ಓದಿಗೆ ಕರೆತರುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಯಿತು, ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಕೊರೊನಾಗೆ ಶಾಲೆ ಮುಚ್ಚಿತ್ತು, ಮಕ್ಕಳಿಗೆ ಹೋಗಲು ಬೇರೆ ಜಾಗ ಇರಲಿಲ್ಲ. ಬಂದರು.

ಮೊದಲ ಸಲ ಪುಸ್ತಕ ಮನೆಗೆ ಕೊಟ್ಟಾಗ ಒಬ್ಬ ಹುಡುಗಿ 'ಇದಕ್ಕೆ ಎಷ್ಟು' ಅಂತ ಕೇಳಿದಳು. ಏನೂ ಇಲ್ಲ ಅಂದೆ. ನಂಬಲಿಲ್ಲ. ಹೊರಗೆ ಹೋಗಿ ಗೆಳತಿಯನ್ನು ಕರೆದುಕೊಂಡು ಬಂದು ಅವಳ ಮುಂದೆ ಇನ್ನೊಂದು ಸಲ ಕೇಳಿದಳು. ಈಗ ಆ ಇಬ್ಬರೂ ಯಾರು ಯಾವ ಪುಸ್ತಕ ತಡ ಮಾಡಿದ್ದಾರೆ ಅಂತ ನನಗೇ ಬಂದು ಚಾಡಿ ಹೇಳುತ್ತಾರೆ.

ಕಳೆದುಹೋಗುತ್ತವಾ? ಹೋಗುತ್ತವೆ. ಕೆಲವು ಹಾಲು ಚೆಲ್ಲಿಸಿಕೊಂಡು ಬರುತ್ತವೆ. ಗ್ರಂಥಾಲಯ ವಿಜ್ಞಾನದ ಹಿರಿಯರು ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕ ಇರುವುದು ಬಳಸಲು ಅಂತ. 1931ರಲ್ಲೇ ಬರೆದಿದ್ದಾರೆ. ಅವರು ಕೊನೆಗಾಲದಲ್ಲಿ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ.

ಎಡಿಸನ್‌ಕನ್ನಡತಿ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಊರಿಗೆ ಬಂದಾಗಲೆಲ್ಲ ಸೂಟ್‌ಕೇಸಿನಲ್ಲಿ ಹಪ್ಪಳಕ್ಕೂ ಪುಸ್ತಕಕ್ಕೂ ತೂಕದ ಜಗಳ. ನನಗೆ ಓದು ಕೊಟ್ಟವರು ಮೈಸೂರಿನ ನಮ್ಮ ದೊಡ್ಡಮ್ಮ. ನನ್ನ ಮಗನಿಗೆ ನಾನು ಕೊಡಲು ಹೋದರೆ ತಗೊಳ್ಳುತ್ತಿಲ್ಲ. ಕನ್ನಡ ಚೆನ್ನಾಗಿ ಮಾತಾಡುತ್ತಾನೆ. ಶನಿವಾರದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತಿದ್ದಾನೆ. ಆದರೆ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾನೆ. 'ಸ್ತ್ರೀ', 'ರಾಷ್ಟ್ರ' ಬಂದರಂತೂ ಪುಸ್ತಕ ಮುಚ್ಚಿದ ಅಂತಲೇ ಲೆಕ್ಕ. ಹನ್ನೊಂದು ವರ್ಷದವನಿಗೆ ಮೂರು ವರ್ಷದವರ ಪುಸ್ತಕ ಕೊಟ್ಟರೆ ಅವಮಾನ, ಅವನ ವಯಸ್ಸಿನದ್ದು ಕೊಟ್ಟರೆ ಓದಲು ಆಗುವುದಿಲ್ಲ. ಏನು ಮಾಡಲಿ?

ಅರಿವುಕೇಂದ್ರ

ಎಡಿಸನ್ ಅಕ್ಕ, ನಮ್ಮಲ್ಲೂ ಮೊದಲು ಮಕ್ಕಳು ಹೀಗೇ ಇದ್ದರು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದೆ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲಿ ಬೇಕಾದಷ್ಟು ಕಥೆ ಇವೆ, ಓದುವ ಹಂತಕ್ಕೆ ತಕ್ಕ ಹಾಗೆ ನಾಲ್ಕು ಮಟ್ಟ ಮಾಡಿದ್ದಾರೆ. ಎರಡನೆಯ ಮಟ್ಟದ್ದರಲ್ಲಿ ವಿಜ್ಞಾನದ, ಪ್ರಾಣಿಗಳ ಪುಸ್ತಕ ಆರಿಸಿ. ಮಾತು ಸುಲಭ ಇರುತ್ತದೆ, ವಿಷಯ ಚಿಕ್ಕ ಮಕ್ಕಳದ್ದು ಅನ್ನಿಸುವುದಿಲ್ಲ. ಮತ್ತೆ, ತಪ್ಪು ಓದಿದಾಗ ಮಧ್ಯದಲ್ಲಿ ತಿದ್ದಬೇಡಿ. ನಾವು ಒಂದು ಪುಟ ದೊಡ್ಡವರು, ಒಂದು ಪುಟ ಮಗು ಅಂತ ಓದಿಸುತ್ತೇವೆ. ಒತ್ತಕ್ಷರ ಜಾಸ್ತಿ ಇರುವ ಪುಟ ಉಪಾಯವಾಗಿ ದೊಡ್ಡವರ ಪಾಲಿಗೆ ಬರುವ ಹಾಗೆ ನೋಡಿಕೊಳ್ಳಿ.

ಆಗುಂಬೆಮಳೆ

ಜೋರಾಗಿ ಓದಿ ಹೇಳುವುದನ್ನು ನಿಲ್ಲಿಸಬೇಡಿ ಅಂತ ನಾನೂ ಹೇಳುತ್ತೇನೆ. ನನ್ನ ಮಗಳಿಗೆ ಹೈಸ್ಕೂಲಿಗೆ ಬರುವವರೆಗೂ ತೇಜಸ್ವಿಯವರ ಬರಹ ಓದಿ ಹೇಳಿದ್ದೇನೆ. ನಗು ಬರುವ ಜಾಗದಲ್ಲಿ ನನಗೇ ಓದಲು ಆಗದೆ ನಿಂತಾಗ, ಕಿತ್ತುಕೊಂಡು ಮುಂದಿನದ್ದು ಅವಳೇ ಓದಿದಳು.

ರಾತ್ರಿಪಾಳಿ

ನನಗೆ ಇಪ್ಪತ್ತಮೂರು. ನಿಮ್ಮೆಲ್ಲರ ಮಾತು ಓದಿ ಹೊಟ್ಟೆಕಿಚ್ಚಾಗುತ್ತಿದೆ. ಪಿಯುಸಿ ತನಕ ಚೆನ್ನಾಗಿ ಓದುತ್ತಿದ್ದೆ. ಈಗ ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ಕೈ ತಾನಾಗಿ ಫೋನ್ ಕಡೆ ಹೋಗುತ್ತದೆ. ರೀಲ್ಸ್ ನೋಡಿ ನೋಡಿ ದೊಡ್ಡ ವಾಕ್ಯ ಬಂದರೆ ತಲೆ ಹಿಡಿಯುವುದೇ ಇಲ್ಲ. ಉಪದೇಶ ಬೇಡ, ಉಪಾಯ ಇದ್ದರೆ ಹೇಳಿ.

ಚಿಮಣಿದೀಪ

ಫೋನು ಪಕ್ಕದ ರೂಮಿನಲ್ಲಿ ಚಾರ್ಜಿಗೆ ಹಾಕು. ಕಾದಂಬರಿ ಬೇಡ, ಸಣ್ಣಕಥೆ ತಗೋ, ಒಂದು ಕೂತರೆ ಮುಗಿಯುವಂಥದ್ದು. ಹಿಡಿಸದಿದ್ದರೆ ಅರ್ಧಕ್ಕೇ ಬಿಡು, ಪರೀಕ್ಷೆ ಅಲ್ಲವಲ್ಲ. ಸಂಕೋಚ ಇಲ್ಲದಿದ್ದರೆ ಪತ್ತೇದಾರಿಯಿಂದ ಶುರು ಮಾಡು. ಪೆನ್ಸಿಲ್‌ಗೆರೆ ಸರ್‌ಗೆ ಹೇಳಬೇಡ ಅಷ್ಟೇ.

ಪೆನ್ಸಿಲ್‌ಗೆರೆ

ಕೇಳಿಸಿತು! ರಾತ್ರಿಪಾಳಿಯವರೇ, ನನ್ನ ಉಪಾಯ ಬೇರೆ. ಎರವಲು ತನ್ನಿ, ಅದೂ ಬಿಡದೆ ವಾಪಸ್ ಕೇಳುವವರ ಹತ್ತಿರ. ಇದರಲ್ಲಿ ಹಳೇಹಾಳೆಯವರು ಹೇಳಿದ್ದು ಸರಿ. ನನ್ನ ಗೆಳೆಯನೊಬ್ಬನಿದ್ದಾನೆ, ಪುಸ್ತಕ ಕೊಟ್ಟ ಭಾನುವಾರದಿಂದ ಮುಂದಿನ ಭಾನುವಾರಕ್ಕೆ ಫೋನ್ ಮಾಡಿ 'ಎಲ್ಲಿಗೆ ಬಂತು' ಅಂತ ಕೇಳುತ್ತಾನೆ. ನಾಚಿಕೆಗಾದರೂ ಓದುತ್ತೇನೆ. ಇಂಥವನು ಒಬ್ಬ ಸಿಕ್ಕರೆ ಸಾಕು.

ರಾತ್ರಿಪಾಳಿ

ಇದು ಆಗಬಹುದು ಸರ್. ನಮ್ಮ ಪಿಜಿಯಲ್ಲಿ ಒಬ್ಬ ಸಾಲ ವಸೂಲಿ ಕಂಪನಿಯಲ್ಲೇ ಇದ್ದಾನೆ, ಅವನ ಹತ್ತಿರ ತರುತ್ತೇನೆ.

ಸಪ್ತಾಪುರದವ

ವಯಸ್ಸಾದವರ ಕಡೆಯಿಂದ ಒಂದು ಪ್ರಶ್ನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ್ದು ಚೆನ್ನಾಗಿ ಕಾಣುತ್ತದೆ, ಅಕ್ಷರ ಮಾತ್ರ ಮಂಜು. ಹಳೆಯ ಪುಸ್ತಕಗಳ ಪಿಡಿಎಫ್ ಇದೆ ಅಂತ ಮಗ ಟ್ಯಾಬ್ ಕೊಡಿಸಿದ. ಅಕ್ಷರ ದೊಡ್ಡದು ಮಾಡಿದರೆ ಸಾಲು ಹೊರಗೆ ಓಡುತ್ತದೆ. ಎಡಕ್ಕೆ ಬಲಕ್ಕೆ ಎಳೆದು ಎಳೆದು ಸಾಕಾಯಿತು.

ರಾತ್ರಿಪಾಳಿ

ಇದಕ್ಕೆ ನಾನು ಉತ್ತರ ಕೊಡುತ್ತೇನೆ ಸರ್. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪುಟದ ಫೋಟೋ. ಫೋಟೋ ದೊಡ್ಡದಾದರೆ ಅಂಚು ಹೊರಗೆ ಹೋಗಲೇಬೇಕು. ಟ್ಯಾಬ್ ಅಡ್ಡ ಹಿಡಿದು, ಪುಟದ ಸುತ್ತಲಿನ ಖಾಲಿ ಜಾಗ ಕತ್ತರಿಸುವ ಆಯ್ಕೆ ಇರುವ ಆ್ಯಪ್‌ನಲ್ಲಿ ತೆರೆದರೆ ಬಹಳ ಅನುಕೂಲ. ಹೊಸದಾಗಿ ಬರುವ ಇ-ಪುಸ್ತಕಗಳಲ್ಲಿ ಈ ತೊಂದರೆ ಇಲ್ಲ, ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ತಾನೇ ಒಳಗೆ ಮಡಚಿಕೊಳ್ಳುತ್ತದೆ.

ಷಟ್ಪದಿ

ಸಪ್ತಾಪುರದವರೇ, ಪೊರೆ ತೆಗೆದು ಹಾಕುವ ಸಾಮಾನ್ಯ ಲೆನ್ಸಿನಲ್ಲಿ ಒಂದೇ ದೂರ ಸ್ಪಷ್ಟ. ಹಾಗಾಗಿ ಓದಲು ಬೇರೆ ಕನ್ನಡಕ ಬೇಕೇ ಬೇಕು. ಹಳೆಯದರಲ್ಲೇ ಕಾಲ ತಳ್ಳಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೊಸ ನಂಬರ್ ತೆಗೆಸಿಕೊಳ್ಳಿ.

ಹಳೇಹಾಳೆ

ಬಹಳ ಸಂತೋಷ ಎಲ್ಲರಿಗೂ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಪುಸ್ತಕದ ಹೆಸರಿಗಿಂತ ಕೊಟ್ಟವರ ಹೆಸರು ಮೊದಲು ಬರುತ್ತಿದೆ. ಅರಿವುಕೇಂದ್ರದ ಮೇಡಂ, ನನ್ನ ಓದದ ಅರ್ಧ ಕಪಾಟಿನಲ್ಲಿ ಒಂದಷ್ಟನ್ನು ನಿಮ್ಮ ಗ್ರಂಥಾಲಯಕ್ಕೆ ಕಳಿಸಬಹುದಾ?

ಅರಿವುಕೇಂದ್ರ

ಕಳಿಸಿ ಸರ್, ಆದರೆ ಪಟ್ಟಿ ಮೊದಲು ಕಳಿಸಿ. ಬೇಜಾರು ಮಾಡಿಕೊಳ್ಳಬೇಡಿ, ಪುಸ್ತಕ ದಾನ ಅಂತ ನಮಗೆ ಬರುವುದರಲ್ಲಿ ಹಳೇ ಗೈಡು, ಸಿಲಬಸ್ ಬದಲಾದ ಪಠ್ಯಪುಸ್ತಕ, ಯಾರದೋ ಅಭಿನಂದನಾ ಗ್ರಂಥವೇ ಜಾಸ್ತಿ. ನಮಗೆ ಬೇಕಾದ್ದು ತೆಳು ಪುಸ್ತಕ, ದೊಡ್ಡ ಅಕ್ಷರ, ಚಿತ್ರ. ಕಥೆ, ಕಾಡು, ವಿಜ್ಞಾನ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಈಚಿನ ಪುಸ್ತಕ ಇದ್ದರೆ ಅದೂ ಬೇಕು. ನಿಮ್ಮ ಪತ್ತೇದಾರಿ ಇದ್ದರೆ ಬೇಡ ಅನ್ನುವುದಿಲ್ಲ, ಪೇಪರ್ ಓದಲು ಬರುವ ಹಿರಿಯರು ಕೇಳುತ್ತಿರುತ್ತಾರೆ.

ಕೊರಿಯರ್‌ಗೆ ದುಡ್ಡು ಸುರಿಯಬೇಡಿ. ಅಂಚೆಯಲ್ಲಿ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಪುಸ್ತಕಕ್ಕೇ ಬೇರೆ ದರ ಮಾಡಿದ್ದಾರೆ. 300 ಗ್ರಾಂಗೆ 20 ರೂಪಾಯಿಯಿಂದ 5 ಕಿಲೋಗೆ 100 ರೂಪಾಯಿವರೆಗೆ, ತೆರಿಗೆ ಬೇರೆ. ನಿಧಾನ ಬರುತ್ತದೆ, ನಮಗೇನೂ ಅವಸರ ಇಲ್ಲ. ಒಳಗೆ ಪತ್ರ ಇಡಬೇಡಿ, ಪುಸ್ತಕ ಮಾತ್ರ.

ಆಗುಂಬೆಮಳೆ

ಅಮ್ಮ ಹೊಲಿದ ಧಾರಾವಾಹಿಗಳೂ ಒಂದು ರಾಶಿ ಇವೆ. ನ್ಯೂಸ್‌ಪ್ರಿಂಟ್ ಆಗಿರುವುದರಿಂದ ಹಾಳೆ ಹಳದಿಯಾಗಿ ಪುಡಿಯಾಗುತ್ತಿದೆ. ಮಕ್ಕಳ ಕೈಗೆ ಕೊಡುವ ಹಾಗಿಲ್ಲ. ಅದನ್ನು ಏನು ಮಾಡುವುದು?

ರಾತ್ರಿಪಾಳಿ

ಅಕ್ಕ, ಹೊಲಿಗೆ ಬಿಚ್ಚಬೇಡಿ. ಫೋನಿನಲ್ಲೇ ಸ್ಕ್ಯಾನ್ ಮಾಡಬಹುದು, ಫ್ಲ್ಯಾಶ್ ಬೇಡ, ಕಿಟಕಿ ಪಕ್ಕ ನೆರಳಿನ ಬೆಳಕು ಸಾಕು. ನಾನು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುತ್ತಿರುತ್ತೇನೆ, ಬೇಕಿದ್ದರೆ ಕೂತು ಮಾಡಿಕೊಡುತ್ತೇನೆ. ಗೊಜ್ಜಿನ ಪುಟವನ್ನೂ ಬಿಡುವುದು ಬೇಡ.

ಆಗುಂಬೆಮಳೆ

ಬನ್ನಿ, ಮಳೆ ಶುರುವಾಗುವ ಮೊದಲೇ ಬನ್ನಿ. ಊಟ ನಮ್ಮಲ್ಲೇ.